ಮಾತ್ರೆ ಸಕ್ಕರೆ, ಸೂಜಿ ಸಕ್ಕರೆ

ನನಗೆ ಮೊದಲ ನೌಕರಿ ಸಿಕ್ಕಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಶ್ರೀನಿವಾಸಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಕನ್ನಡ ಮಿಸ್ಸು. ಮಾಲೂರಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಅಪ್ಪ ನನ್ನ ಜೊತೆ ಬಂದಿದ್ದರು. ಅವರು ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಒಂಟಿ ಹೆಣ್ಣಿಗೆ ಈ ಊರಲ್ಲಿ ಯಾರು ರೂಮು ಕೊಡ್ತಾರೋ ಎಂದು ಶಾಲೆಯ ಜಗಲಿಯಲ್ಲಿ ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಡ್‌ಮಿಸ್ಟ್ರೆಸ್ಸು ಹೊರಗೆ ಬಂದು, “ನಮ್ಮನೆ ಹಿಂದಿನ ರೂಮು ಖಾಲಿ ಇದೆ. ಊಟಾನೂ ನಮ್ಮಲ್ಲೇ. ನೀವಿನ್ನು ಬಸ್ಸು ಹತ್ತಿ,” ಅಂದರು. ಅಪ್ಪ ನಮಸ್ಕಾರ ಮಾಡಿ ನಿಜವಾಗಿಯೂ ಬಸ್ಸು ಹತ್ತಿಬಿಟ್ಟರು. ಹೆಡ್‌ಮಿಸ್ಟ್ರೆಸ್ಸರ ಮಾತು ಹಾಗಿತ್ತು. ಕೇಳಿದವರ ಕಾಲು ತಾನಾಗಿ ನಡೆಯುತ್ತಿತ್ತು.

ಶಾಲೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಿದ್ದರು. ಐವತ್ತು ದಾಟಿತ್ತು. ತುಂಬಿದ ಮೈ, ಅದಕ್ಕೆ ತಕ್ಕ ದನಿ. ಮನೆಮಾತು ತೆಲುಗು, ಆದರೆ ಶಾಲೆಯಲ್ಲಿ ಅಪ್ಪಟ ಕನ್ನಡ. ತೆಲುಗು ಹೊರಬಂತೆಂದರೆ ಕೋಪ ಮೂಗಿನ ತುದಿಗೆ ಬಂದಿದೆ ಎಂದರ್ಥ. ಅವರ ಯಜಮಾನರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಗುಮಾಸ್ತರು. ದಿನಕ್ಕೆ ಐದಾರು ಮಾತು ಆಡಿದರೆ ಹೆಚ್ಚು. ಒಬ್ಬಳೇ ಮಗಳು ಮದುವೆಯಾಗಿ ಮುಳಬಾಗಿಲಲ್ಲಿದ್ದಳು.

ದೊಡ್ಡ ಮೇಡಂಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಲಕ್ಕೆ ಊರಲ್ಲಿ ಅದು ಇದ್ದವರು ಬೆರಳೆಣಿಕೆ. ಒಬ್ಬರು ಮಾವಿನ ಮಂಡಿ ಸಾಹುಕಾರರು, ಇನ್ನೊಬ್ಬರು ಹಳೇ ಅಮಲ್ದಾರರು, ಮೂರನೆಯವರು ಇವರು. ಉಂಡುಟ್ಟು ಸುಖವಾಗಿರೋರಿಗೆ ಬರೋ ಕಾಯಿಲೆ ಅಂತ ಜನ ಗೌರವದಿಂದಲೇ ಮಾತಾಡುತ್ತಿದ್ದರು. ಮದುವೆ ಮನೆಯಲ್ಲಿ ಲಾಡು ಬಡಿಸುವವನು ಬಂದರೆ ಮೇಡಂ ಎಲೆಗೆ ಅಡ್ಡ ಕೈ ಹಿಡಿದು “ನನಗೆ ಶುಗರ್” ಅನ್ನುತ್ತಿದ್ದರು. ಪಕ್ಕದ ಪಂಕ್ತಿಯವರೂ ತಿರುಗಿ ನೋಡುತ್ತಿದ್ದರು. ಅವರ ಮನೆಯೊಳಗೆ ಸಕ್ಕರೆ, ಬೆಲ್ಲ ಕಾಲಿಡುವಂತಿರಲಿಲ್ಲ. ಯಾವ ಕಾಯಿಲೆಯೂ ಇಲ್ಲದ ಯಜಮಾನರು ಹತ್ತು ವರ್ಷದಿಂದ ಸಪ್ಪೆ ಕಾಫಿ ಕುಡಿಯುತ್ತಿದ್ದರು. ಮಾವಿನ ಕಾಲದಲ್ಲಿ ಇಡೀ ಊರು ಹಣ್ಣಿನ ವಾಸನೆಯಲ್ಲಿ ಮುಳುಗಿದ್ದರೆ, ನಮ್ಮ ಮನೆಯ ಬೀದಿ ಕಡೆಯ ಕಿಟಕಿ ಮಾತ್ರ ಮುಚ್ಚಿರುತ್ತಿತ್ತು.

ನಾನು ಸೇರಿದ ಎರಡನೇ ವರ್ಷ ನನಗೆ ವಿಪರೀತ ಬಾಯಾರಿಕೆ ಶುರುವಾಯಿತು. ಒಂದು ಪೀರಿಯಡ್ಡಿನಲ್ಲಿ ಎರಡು ಸಲ ನೀರು, ಎರಡು ಸಲ ಹಿತ್ತಲು. ಷಟ್ಪದಿ ಹೇಳಿಕೊಡಲು ಶುರುಮಾಡಿದರೆ ಮೂರನೇ ಸಾಲಿಗೆ ಹೊರಗೆ ಓಡಬೇಕು. ರಾತ್ರಿ ಮೂರು ಮುದ್ದೆ ತಿಂದರೂ ಹಸಿವು. ತಿಂದದ್ದು ಎಲ್ಲಿ ಹೋಗುತ್ತಿತ್ತೋ, ಎರಡು ತಿಂಗಳಲ್ಲಿ ರವಿಕೆಗಳೆಲ್ಲ ಬೇರೆ ಯಾರದೋ ಅನ್ನುವ ಹಾಗಾದವು. ಅಟೆಂಡರಮ್ಮ “ಮಿಸ್ಸಿಗೆ ಗಾಳಿ ಸೋಕಿದೆ” ಅಂದಳು. ಹತ್ತನೇ ಕ್ಲಾಸಿನ ಹುಡುಗಿಯರು ನನಗೆ ಪ್ರೇಮ ಅಂದರು. ಯಾರ ಜೊತೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ.

ಕಂಡುಹಿಡಿದದ್ದು ದೊಡ್ಡ ಮೇಡಂ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಅವರ ಮೂತ್ರದ ಪರೀಕ್ಷೆಯನ್ನು ವಾರಕ್ಕೊಮ್ಮೆ ಅಲ್ಲೇ ಸೈನ್ಸ್ ಮಿಸ್ ಮಾಡಿಕೊಡುತ್ತಿದ್ದರು. ಪ್ರನಾಳದಲ್ಲಿ ಒಂದಿಷ್ಟು ನೀಲಿ ದ್ರಾವಣ, ಅದಕ್ಕೆ ಎಂಟು ತೊಟ್ಟು ಮೂತ್ರ, ಆಮೇಲೆ ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಏರಿದಂತೆ ಸಕ್ಕರೆಯೂ ಏರಿದೆ ಎಂದು ತಿಳಿಯಬೇಕು. ಮೇಡಂದು ಸಾಮಾನ್ಯವಾಗಿ ಹಸಿರು, ಹಬ್ಬದ ವಾರ ಹಳದಿ. ನನ್ನದು ಕುದಿಯುತ್ತಿದ್ದ ಹಾಗೇ ಎಲ್ಲ ಬಣ್ಣಗಳನ್ನೂ ದಾಟಿಕೊಂಡು ಹೋಗಿ ಅಚ್ಚ ಇಟ್ಟಿಗೆ ಬಣ್ಣಕ್ಕೆ ನಿಂತಿತು.

“ಇಟ್ಟಿಗೆ ಊರು ಮಾಲೂರಿನೋಳಲ್ವೇ,” ಅಂದರು ಸೈನ್ಸ್ ಮಿಸ್, ನನ್ನ ಭಯ ಹೋಗಲಿ ಅಂತ.

ಮೇಡಂ ನಗಲಿಲ್ಲ. ಪ್ರನಾಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಭುಜ ತಟ್ಟಿ, “ಹೆದರಬೇಡ ಕಣೇ. ನಾನಿದೀನಿ. ಈ ಕಾಯಿಲೆ ಬಗ್ಗೆ ನನಗೆ ಗೊತ್ತಿಲ್ಲದ್ದು ಯಾವ ಡಾಕ್ಟರಿಗೂ ಗೊತ್ತಿಲ್ಲ,” ಅಂದರು. ನಾನು ನಂಬಿದೆ.

ಮರುದಿನದಿಂದ ಅವರ ಚಿಕಿತ್ಸೆ ಆರಂಭವಾಯಿತು. ತಮ್ಮ ಮಾತ್ರೆಯಲ್ಲಿ ಬೆಳಿಗ್ಗೆ ಒಂದು ನನಗೆ, ಒಂದು ಅವರಿಗೆ. ಐದು ಗಂಟೆಗೆ ಎದ್ದು ಹಾಗಲಕಾಯಿ ರಸ. ಕುಡಿದು ಮುಖ ಕಿವುಚಿದರೆ ಇನ್ನರ್ಧ ಲೋಟ. ಆಮೇಲೆ ಚಿಂತಾಮಣಿ ರಸ್ತೆಯಲ್ಲಿ ನಡಿಗೆ. ಸೀರೆ ಮೇಲಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಷೂ ಹಾಕಿ ಮೇಡಂ ಮುಂದೆ, ಹವಾಯಿ ಚಪ್ಪಲಿಯಲ್ಲಿ ಹಿಂದೆ ನಾನು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಊಟದಲ್ಲಿ ಮೂರು ಮುದ್ದೆ ಇದ್ದದ್ದು ಅರ್ಧಕ್ಕೆ ಬಂತು. “ತೂಕ ಇಳಿದ್ರೆ ಸಕ್ಕರೆ ಇಳಿಯುತ್ತೆ,” ಅನ್ನುತ್ತಿದ್ದರು. ನನ್ನಲ್ಲಿ ಇಳಿಯಲು ಇನ್ನೇನೂ ಉಳಿದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಹದಿನೈದು ದಿನದಲ್ಲಿ ಅವರದು ನೀಲಿಗೆ ಬಂತು. ನನ್ನದು ಇಟ್ಟಿಗೆಯಾಗಿಯೇ ಇತ್ತು. “ನೀನು ಕದ್ದು ತಿಂತಿದೀಯ,” ಎಂದು ಗದರಿಸಿದರು. ಆ ಮನೆಯಲ್ಲಿ ಕದಿಯಲು ಏನಿತ್ತು? ಹದಿನಾರನೇ ದಿನವೋ ಹದಿನೇಳನೆಯದೋ, ವಾಂತಿ ಶುರುವಾಗಿ ನಿಲ್ಲಲೇ ಇಲ್ಲ. ಉಸಿರು ಏದುಸಿರಾಯಿತು. ಯಜಮಾನರು ಬಾಗಿಲಲ್ಲಿ ನಿಂತು ಮೂಗರಳಿಸಿ, “ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರ್ತಿದೆ. ಇದು ಸರಿಯಿಲ್ಲ,” ಅಂದರು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಗೆ ಹೋಗಿ ಮಂಡಿಯ ಸಾಹುಕಾರರ ಕಾರು ತಂದೇಬಿಟ್ಟಿದ್ದರು. ಆ ವರ್ಷದಲ್ಲಿ ಅವರು ಹೆಂಡತಿಯನ್ನು ಕೇಳದೆ ಮಾಡಿದ ಕೆಲಸ ಅದೊಂದೇ ಇರಬೇಕು. ಅದರಿಂದಲೇ ನಾನು ಬದುಕಿದೆ.

ಕೋಲಾರದ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ಕೈಗೆ ಡ್ರಿಪ್ಪು ಹಾಕಿದ್ದರು. ಕಾಲ ಬಳಿ ವಯಸ್ಸಾದ ಡಾಕ್ಟರು ನಿಂತು ಮೇಡಂ ಅವರನ್ನು ಬೈಯುತ್ತಿದ್ದರು. ಅವರನ್ನು ಯಾರಾದರೂ ಬೈದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಗಾಗಿ ಕಣ್ಣು ಮುಚ್ಚಿಕೊಂಡೇ ಪೂರ್ತಿ ಕೇಳಿಸಿಕೊಂಡೆ.

“ನಿಮ್ಮ ಮಾತ್ರೆ ಈ ಹುಡುಗಿಗೆ ಕೊಡಿ ಅಂತ ಯಾರಮ್ಮ ಹೇಳಿದ್ದು?”

“ಇಬ್ರಿಗೂ ಒಂದೇ ಕಾಯಿಲೆ ಅಲ್ವಾ ಸಾರ್?”

“ಹೆಸರೊಂದೇ. ಕಾಯಿಲೆ ಬೇರೆ. ಇವಳಿಗೆ ಇನ್ಸುಲಿನ್ ಸೂಜಿನೇ ಬೇಕು. ಬದುಕಿರೋವರೆಗೂ, ದಿನಾ.”

“ಸಕ್ಕರೆ ಅಂದ್ರೆ ಸಕ್ಕರೆ ಸಾರ್,” ಅಂದರು ಮೇಡಂ, ಆದರೆ ದನಿ ಸಣ್ಣಗಿತ್ತು.

ವಾರದಲ್ಲಿ ನಾನು ಸೂಜಿ ಚುಚ್ಚಿಕೊಳ್ಳುವುದನ್ನು ಕಲಿತೆ. ನರ್ಸು ಮೊದಲು ಒಂದು ಬದನೆಕಾಯಿಯ ಮೇಲೆ ಅಭ್ಯಾಸ ಮಾಡಿಸಿದರು. ಆಮೇಲೆ ನನ್ನ ತೊಡೆಯ ಮೇಲೆ. ಬದನೆಕಾಯಿಗಿಂತ ತೊಡೆ ಸುಲಭ, ಯಾಕೆಂದರೆ ಅದು ಉರುಳುವುದಿಲ್ಲ. ಗಾಜಿನ ಸಿರಿಂಜನ್ನು ದಿನಾ ಕುದಿಸಬೇಕು. ಔಷಧಿ ತಣ್ಣಗಿರಬೇಕು, ಫ್ರಿಜ್ಜು ಊರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಯಜಮಾನರು ಕುಂಬಾರರ ಬೀದಿಯಿಂದ ಹೊಸ ಮಡಕೆ ತಂದು, ಮರಳು ತುಂಬಿ, ನಡುವೆ ಸೀಸೆ ಇಟ್ಟು, ಹೊತ್ತು ಹೊತ್ತಿಗೆ ನೀರು ಚಿಮುಕಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ನೋಡಿದವರು ಯಾವುದೋ ದೇವರಿಟ್ಟಿದ್ದಾರೆ ಅಂದುಕೊಂಡರು. ಪಕ್ಕದ ಮನೆ ಅಜ್ಜಿ ಒಂದು ದಿನ ಅದಕ್ಕೆ ಕುಂಕುಮವನ್ನೂ ಇಟ್ಟು ಹೋದರು.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು. ಸೂಜಿ ಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ಊಟ ತಪ್ಪಿದರೆ ಸಕ್ಕರೆ ತೀರಾ ಇಳಿಯುತ್ತದೆ, ಬೆವರು, ನಡುಕ, ಸಿಟ್ಟು ಬಂದರೆ ತಕ್ಷಣ ಸಕ್ಕರೆ ತಿನ್ನಿಸಬೇಕು. ಕೊನೆಯ ಸಾಲನ್ನು ಮೇಡಂ ಎರಡು ಸಲ ಓದಿ, ಚೀಟಿ ಮಡಚಿ, “ಸಕ್ಕರೆ ಕಾಯಿಲೆಗೆ ಸಕ್ಕರೆ ತಿನ್ನಿಸೋದಂತೆ. ವಯಸ್ಸಾಗಿದೆ, ಪಾಪ,” ಅಂದರು. ನನ್ನ ತಟ್ಟೆಯ ಮುದ್ದೆ ಅರ್ಧದಿಂದ ಒಂದಕ್ಕೆ ಏರಿತು, ಅಷ್ಟೇ. ಮಿಕ್ಕಿದ್ದನ್ನು ಅವರು ಕಣ್ಣಲ್ಲೇ ತಡೆಯುತ್ತಿದ್ದರು. ನಾನು ಚೀಟಿಯನ್ನು ಸೈನ್ಸ್ ಮಿಸ್‌ಗೆ ತೋರಿಸಿದ್ದೆ. ಅದೃಷ್ಟ ನನ್ನದು.

ಹೀಗೇ ಮೂರು ತಿಂಗಳು ಕಳೆಯಿತು. ಆಮೇಲೆ ಇನ್‌ಸ್ಪೆಕ್ಷನ್ ಬಂತು. ಬೆಂಗಳೂರು ಕಡೆಯಿಂದ ಬಂದ ಅಧಿಕಾರಿ, ದಪ್ಪ ಕನ್ನಡಕ, ದೊಡ್ಡ ಹೊಟ್ಟೆ. ಬೆಳಿಗ್ಗೆ ಸೂಜಿ ಹಾಕಿಕೊಂಡು ಗಡಿಬಿಡಿಯಲ್ಲಿ ಎರಡು ತುತ್ತು ಉಪ್ಪಿಟ್ಟು ತಿಂದು ಓಡಿದ್ದೆ. ಮಧ್ಯಾಹ್ನ ಎರಡಾದರೂ ಸಾಹೇಬರು ರಿಜಿಸ್ಟರುಗಳಿಂದ ತಲೆ ಎತ್ತಲಿಲ್ಲ. ಎಲ್ಲ ಮಿಸ್ಸುಗಳೂ ದೊಡ್ಡ ಮೇಡಂ ರೂಮಿನಲ್ಲಿ ಸಾಲಾಗಿ ನಿಂತಿದ್ದೆವು. ನನ್ನ ಸೆರಗು ಬೆವರಿನಲ್ಲಿ ತೊಯ್ದಿತ್ತು, ಗೋಡೆಯ ಮೇಲಿನ ಭೂಪಟ ಎರಡಾಗಿ ಕಾಣುತ್ತಿತ್ತು. ಅಲ್ಲಿಂದ ಮುಂದಿನದು ನನಗೆ ನೆನಪಿಲ್ಲ. ಸೈನ್ಸ್ ಮಿಸ್ ಹೇಳಿದ್ದನ್ನೇ ಹೇಳುತ್ತೇನೆ. ಅವರು ಅದನ್ನು ನಿವೃತ್ತಿಯಾಗುವವರೆಗೂ ಹೇಳುತ್ತಲೇ ಇದ್ದರು.

ಸಾಹೇಬರು ನನ್ನ ಕಡೆ ತಿರುಗಿ, “ಕನ್ನಡದಲ್ಲಿ ಯಾಕಮ್ಮ ಇಷ್ಟು ಜನ ಫೇಲು?” ಎಂದು ಕೇಳಿದರಂತೆ.

ಎಂದೂ ದನಿ ಎತ್ತದ ನಾನು, “ನಿಮ್ಮ ಹೊಟ್ಟೆ ಪಾಸಾಗಿದೆಯಲ್ಲ, ಸಾಕು ಬಿಡಿ,” ಅಂದೆನಂತೆ.

ಮೇಡಂ ಗಾಬರಿಯಿಂದ, “ಏಮೇ, ಏಮಯ್ಯಿಂದಿ ನೀಕು?” ಅಂತ ಎದ್ದರಂತೆ. ಅವರ ಕಡೆ ಬೆರಳು ತೋರಿಸಿ, “ನನ್ನ ಮುದ್ದೆ ಕದ್ದೋರು ನೀವೇ. ಎರಡು ಮುದ್ದೆ ವಾಪಸ್ಸು ಕೊಡಿ. ಈಗಲೇ ಕೊಡಿ,” ಎಂದು ಕೂಗಿ ನಾನು ನೆಲದ ಮೇಲೆ ಕೂತುಬಿಟ್ಟೆನಂತೆ.

“ಸಕ್ಕರೆ! ಯಾರಾದ್ರೂ ಸಕ್ಕರೆ ತನ್ನಿ!” ಎಂದು ಕಿರುಚಿದವರು ಸೈನ್ಸ್ ಮಿಸ್.

“ಬುದ್ಧಿ ಇದೆಯೇನೇ ನಿನಗೆ? ಸಕ್ಕರೆ ಕೊಟ್ಟು ಸಾಯಿಸ್ತೀಯಾ?” ಅಂದರು ಮೇಡಂ.

“ಕೊಡದಿದ್ರೆ ಸಾಯ್ತಾರೆ ಮೇಡಂ. ಚೀಟೀಲಿ ಬರೆದಿದಾರೆ. ಸೂಜಿ ಸಕ್ಕರೇನ ಇಳಿಸಿಬಿಟ್ಟಿದೆ, ಹೊಟ್ಟೇಲಿ ಊಟ ಇಲ್ಲ. ನೀವೇ ನೋಡಿ, ಕಣ್ಣು ಮೇಲಕ್ಕೆ ಹೋಗ್ತಿದೆ!”

ಟೀ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ. ಅಟೆಂಡರಮ್ಮ ಓಡಿ ಬರಲು ಕಾಲು ಗಂಟೆ ಬೇಕು. ಮೇಡಂ ಬಾಗಿಲ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರಂತೆ. ಆಮೇಲೆ ಸೊಂಟದಿಂದ ಬೀಗದಕೈ ತೆಗೆದು, ತಮ್ಮ ಕಬ್ಬಿಣದ ಬೀರು ತೆರೆದು, ಕೆಳಗಿನ ಅರೆಯಲ್ಲಿದ್ದ ಹಳೇ ದಾಖಲಾತಿ ರಿಜಿಸ್ಟರುಗಳನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬ ಹೊರತೆಗೆದರು. ಅದರ ತುಂಬ ಬಾದುಷಾ. ಪಕ್ಕದಲ್ಲಿ ಒಂದು ಬಾಟಲಿ ಕಲ್ಲುಸಕ್ಕರೆ. ಒಂದು ಮೂಲೆಯಲ್ಲಿ ಮಡಚಿಟ್ಟ ಮಾಂಬಳ, ಹೋದ ವರ್ಷದ ಮಾವಿನ ರಸ ಒಣಗಿಸಿದ್ದು.

ಮೇಡಂ ಯಾರ ಮುಖವನ್ನೂ ನೋಡದೆ, ಪೇಪರ್‌ವೆಯ್ಟಿನಿಂದ ಕಲ್ಲುಸಕ್ಕರೆ ಕುಟ್ಟಿ, ನೀರಲ್ಲಿ ಕರಗಿಸಿ, ನೆಲದ ಮೇಲೆ ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದರು.

ನನಗೆ ಮತ್ತೆ ನೆನಪು ಶುರುವಾಗುವುದು ಅಲ್ಲಿಂದ. ಬಾಯಿ ತುಂಬ ಸಿಹಿ, ಕೆನ್ನೆಯ ಮೇಲೆ ಮೇಡಂ ಕೈ. ಎದುರಿಗೆ ಕುರ್ಚಿಯಲ್ಲಿ ಸಾಹೇಬರು ಒಂದು ಬಾದುಷಾ ಅಗಿಯುತ್ತಾ, “ತುಪ್ಪದ್ದು ಅಲ್ವೇ? ಎಲ್ಲಿ ಮಾಡಿಸಿದ್ದು?” ಎಂದು ಕೇಳುತ್ತಿದ್ದರು. ನಮ್ಮ ಶಾಲೆಗೆ ಆ ವರ್ಷ ಒಳ್ಳೆಯ ವರದಿಯೇ ಬಂತು.

ಮರುದಿನ ಮೇಡಂ ಶಾಲೆಗೆ ರಜಾ ಹಾಕಿದರು. ಅವರು ರಜಾ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ನನ್ನನ್ನೂ ಕರೆದುಕೊಂಡು ಕೋಲಾರದ ಬಸ್ಸು ಹತ್ತಿದರು. ಡಾಕ್ಟರ ಮುಂದೆ ಕೂತ ಮೇಲೆ, ಅವರು ಏನೂ ಕೇಳುವ ಮೊದಲೇ, “ಸಾರ್, ನನ್ನಿಂದ ಇವಳಿಗೆ ಅಂಟಿತಾ?” ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು.

“ಒಂದೇ ಲೋಟದಲ್ಲಿ ನೀರು ಕುಡಿದಿದೀವಿ. ನನ್ನ ಮನೆಗೆ ಬರೋಕೆ ಮುಂಚೆ ಹುಡುಗಿ ಚೆನ್ನಾಗಿದ್ಲು. ಅವರಪ್ಪನಿಗೆ ನೋಡ್ಕೋತೀನಿ ಅಂತ ಹೇಳಿದ್ದೆ.” ಹಾಗಲಕಾಯಿ ರಸ, ಐದು ಗಂಟೆಯ ನಡಿಗೆ, ತಟ್ಟೆಯ ಮೇಲಿನ ಆ ಕಣ್ಣು, ಎಲ್ಲದರ ಹಿಂದೆ ಏನಿತ್ತು ಎಂದು ನನಗೆ ಆಗ ತಿಳಿಯಿತು. ಎಲ್ಲಿ ನೋಡಬೇಕೆಂದು ತೋಚದೆ ಗೋಡೆಯ ಕ್ಯಾಲೆಂಡರು ನೋಡುತ್ತಾ ಕೂತೆ.

“ಇದು ಅಂಟೋ ಕಾಯಿಲೆ ಅಲ್ಲಮ್ಮ,” ಅಂದರು ಡಾಕ್ಟರು. ಈ ಸಲ ಬೈಯಲಿಲ್ಲ. “ಸರಿಯಾಗಿ ಕೇಳಿ. ಹೊಟ್ಟೆ ಹಿಂದೆ ಒಂದು ಗ್ರಂಥಿ ಇದೆ. ಅದರಿಂದ ಇನ್ಸುಲಿನ್ ಅನ್ನೋ ರಸ ಬರುತ್ತೆ. ನಾವು ತಿಂದ ಅನ್ನ, ಮುದ್ದೆ ಎಲ್ಲ ರಕ್ತಕ್ಕೆ ಸಕ್ಕರೆಯಾಗಿ ಬರುತ್ತಲ್ಲ, ಅದು ಮೈಗೆ ಹತ್ತಬೇಕಾದ್ರೆ ಆ ರಸ ಬೇಕು. ಈ ಹುಡುಗಿಗೆ ಆ ರಸ ಊರೋದೇ ನಿಂತುಹೋಗಿದೆ. ತಿಂದದ್ದಕ್ಕೂ ಸಂಬಂಧ ಇಲ್ಲ, ದಪ್ಪಕ್ಕೂ ಸಂಬಂಧ ಇಲ್ಲ. ಹೆಚ್ಚಾಗಿ ಎಳೆ ವಯಸ್ಸಲ್ಲೇ ಬರುತ್ತೆ. ಮಾತ್ರೆ ಮಾಡೋದು ಆ ಗ್ರಂಥಿನ ತಿವಿದು ಎಬ್ಬಿಸೋ ಕೆಲಸ. ಇವಳದು ಏಳೋದೇ ಇಲ್ಲ. ಅದಕ್ಕೆ ರಸಾನ ಹೊರಗಿಂದ ಸೂಜೀಲಿ ಕೊಡಬೇಕು.”

“ನಂದು?”

“ನಿಮ್ಮದರಲ್ಲಿ ರಸ ಇನ್ನೂ ಬರುತ್ತೆ. ಆದ್ರೆ ನಿಮ್ಮ ಮೈ ಅದರ ಮಾತು ಕೇಳೋದಿಲ್ಲ. ವಯಸ್ಸು, ತೂಕ, ಮನೆತನ ಎಲ್ಲಾ ಸೇರಿ ಹಾಗಾಗುತ್ತೆ. ಅದಕ್ಕೇ ನಿಮಗೆ ಪಥ್ಯ, ನಡಿಗೆ, ಮಾತ್ರೆ.”

ಮೇಡಂ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. “ಮಾತು ಕೇಳೋದಿಲ್ಲ? ನನ್ನ ಮೈ?”

“ಹೌದು.”

“ಇಡೀ ಶ್ರೀನಿವಾಸಪುರ ಕೇಳುತ್ತೆ ಸಾರ್.”

“ಬಾದುಷಾ ಕೇಳೋದಿಲ್ಲವಂತಲ್ಲ,” ಅಂದರು ಡಾಕ್ಟರು. ಅವರಿಗೆ ಯಾರು ಹೇಳಿದ್ದರೋ, ನಾನಂತೂ ಅಲ್ಲ.

ಅಂದಿನಿಂದ ಮನೆಯಲ್ಲಿ ಎರಡು ಕಾಯಿಲೆಗೆ ಎರಡು ಹೆಸರಾಯಿತು. ಅವರದು ಮಾತ್ರೆ ಸಕ್ಕರೆ, ನನ್ನದು ಸೂಜಿ ಸಕ್ಕರೆ. ಶಾಲೆಯ ಬೀರುವಿನಿಂದ ಕಲ್ಲುಸಕ್ಕರೆ ಬಾಟಲಿ ಮನೆಗೆ ಬಂದು ನನ್ನ ಹೆಸರಿನಲ್ಲಿ ಅಡುಗೆಮನೆಯ ಗೂಡಿನಲ್ಲಿ ಕೂತಿತು. ಅದರ ದೆಸೆಯಿಂದ ಯಜಮಾನರ ಕಾಫಿಗೂ ಹತ್ತು ವರ್ಷದ ನಂತರ ಸಿಹಿ ಬಿತ್ತು. ಮೊದಲ ದಿನ ಅವರು ಲೋಟ ಹಿಡಿದು ಹಿತ್ತಲಿಗೆ ಹೋಗಿ ಒಬ್ಬರೇ ಕುಡಿದರು.

ಮುಂದಿನ ವರ್ಷ ಮಗಳು ಚೊಚ್ಚಲ ಬಾಣಂತನಕ್ಕೆಂದು ಮುಳಬಾಗಿಲಿನಿಂದ ಬಂದಳು. ಏಳು ತಿಂಗಳು. ಕೋಲಾರದಲ್ಲಿ ತೋರಿಸಿದರೆ ಅವಳಿಗೂ ಸಕ್ಕರೆ! ಮೇಡಂ ಈಗ ತಿಳಿದವರ ಗತ್ತಿನಲ್ಲಿ ಡಾಕ್ಟರನ್ನು ಕೇಳಿದರು: “ಯಾವುದು ಸಾರ್? ನಂದಾ, ಇವಳದಾ?”

“ಎರಡೂ ಅಲ್ಲ. ಇದು ಬಸುರಿನಲ್ಲಿ ಬರೋದು. ಊಟ ಹಿಡಿತದಲ್ಲಿರಲಿ. ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ಹೋಗುತ್ತೆ.”

ಹಾಗೇ ಆಯಿತು. ಹೆಣ್ಣುಮಗು, ತುಂಬು ಮೈ. ಹೆರಿಗೆಯಾದ ಕೆಲವು ವಾರಕ್ಕೆ ಪರೀಕ್ಷೆ ಮಾಡಿದರೆ ಪ್ರನಾಳ ಆಕಾಶದ ಹಾಗೆ ನೀಲಿ. ಮೇಡಂಗೆ ಸಂತೋಷಕ್ಕಿಂತ ಅಸೂಯೆ ಹೆಚ್ಚಾಯಿತೆಂದು ನನಗೆ ಅನುಮಾನ. “ಬಂದು ಹೋಗೋ ಸಕ್ಕರೇನೂ ಇದೆಯಂತೆ! ನಮಗೆ ಮಾತ್ರ ಮನೆ ಅಳಿಯನ ಥರ ಕೂತ್ಕೊಂಡಿದೆ,” ಎಂದು ಗೊಣಗಿದರು. ಹೋದದ್ದು ಮುಂದೆ ನಿಮ್ಮದೇ ರೂಪದಲ್ಲಿ ಬರಬಹುದು, ವರ್ಷಕ್ಕೊಮ್ಮೆ ನೋಡಿಸುತ್ತಿರಿ ಎಂದು ಡಾಕ್ಟರು ಹೇಳಿದ ಮೇಲೆ ಮಾತ್ರ ಅವರ ಮುಖ ತಾಯಿಯ ಮುಖವಾಯಿತು. ಮಗಳನ್ನು ಪ್ರತಿ ಯುಗಾದಿ ಕಳೆದ ವಾರ ಲ್ಯಾಬಿಗೆ ಎಳೆದುಕೊಂಡು ಬರುತ್ತಿದ್ದರು.

ಎಂಬತ್ತರ ಹೊತ್ತಿಗೆ ಅಪ್ಪ ನನಗೆ ಗಂಡು ಹುಡುಕಲು ಶುರುಮಾಡಿದರು. ಸೂಜಿಯ ಸಂಗತಿ ಮುಚ್ಚಿಡೋಣ ಅಂದರು ಅಮ್ಮ. ದೊಡ್ಡ ಮೇಡಂ ಸುದ್ದಿ ಕೇಳಿ ಬಸ್ಸು ಹತ್ತಿ ಮಾಲೂರಿಗೇ ಬಂದುಬಿಟ್ಟರು. ಲಕ್ಕೂರು ಕಡೆಯ ಸಂಬಂಧ. ಹುಡುಗ, ಅವನ ತಾಯಿ, ಸೋದರಮಾವ ಚಾಪೆಯ ಮೇಲೆ ಕೂತಿದ್ದರು. ನಾನು ಉಪ್ಪಿಟ್ಟಿನ ತಟ್ಟೆ ಇಟ್ಟು ಇನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ, ಮೇಡಂ ಗಂಟಲು ಸರಿಮಾಡಿಕೊಂಡರು.

“ನೋಡಿ, ಹುಡುಗಿಗೆ ಸಕ್ಕರೆ ಇದೆ. ಸಕ್ಕರೇಲಿ ಮೂರು ಥರ.”

ಅಪ್ಪ ಕಣ್ಣು ಮುಚ್ಚಿಕೊಂಡರು. ಮೇಡಂ ಒಂದೊಂದನ್ನೂ ಬೆರಳು ಮಡಚಿ ಹೇಳಿದರು, ಹುಡುಗನ ತಾಯಿಗೆ ಅರ್ಥವಾಯಿತೇ ಎಂದು ನಡುನಡುವೆ ಪ್ರಶ್ನೆ ಕೇಳಿದರು. ಸೋದರಮಾವನಿಗೆ ಎರಡನೇ ಥರ ತಿಳಿಯಲಿಲ್ಲವೆಂದು ಇನ್ನೊಮ್ಮೆ ಹೇಳಿದರು. ಉಪ್ಪಿಟ್ಟು ಆರಿಹೋಯಿತು. ಕೊನೆಗೆ, “ಊಟ ತಡ ಆದ್ರೆ ಇವಳು ಬೈತಾಳೆ. ಅದು ಇವಳ ಗುಣ ಅಲ್ಲ, ಕಾಯಿಲೆ ಗುಣ. ಆಗ ಸಕ್ಕರೆ ನೀರು ಕುಡಿಸಬೇಕು. ದಿನಾ ಸೂಜಿ ಹಾಕ್ಕೋತಾಳೆ. ಒಪ್ಪೋದಾದ್ರೆ ಮಾತಾಡಿ, ಇಲ್ಲಾಂದ್ರೆ ಉಪ್ಪಿಟ್ಟು ತಿಂದು ಹೊರಡಿ,” ಅಂದರು.

ತಾಯಿ, ಸೋದರಮಾವ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗ ಅಲ್ಲಿಯವರೆಗೂ ತಲೆ ತಗ್ಗಿಸಿಕೊಂಡೇ ಇದ್ದ. ದನದ ಆಸ್ಪತ್ರೆಯಲ್ಲಿ ಕಂಪೌಂಡರು. ಮೆಲ್ಲಗೆ ಕೇಳಿದ: “ಸೂಜಿ ಎಷ್ಟುದ್ದ ಮೇಡಂ?”

ಮೇಡಂ ಕಿರುಬೆರಳಿನ ಅರ್ಧ ತೋರಿಸಿದರು.

“ಅಷ್ಟೇನಾ?” ಅಂದ ಹುಡುಗ. “ನಾನು ದಿನಾ ಹೋರಿಗಳಿಗೆ ಗೇಣುದ್ದದ್ದು ಚುಚ್ತೀನಿ. ಅವು ಒದೀತಾವೆ.” ಆಮೇಲೆ ಮೊದಲ ಸಲ ನನ್ನ ಕಡೆ ನೋಡಿ, “ಇವರು ಬರೀ ಬೈಯೋದು ತಾನೆ?” ಅಂದ.

ಅಮ್ಮ ಒಳಗಿನಿಂದ ಬಿಸಿ ಉಪ್ಪಿಟ್ಟು ತಂದು ಮತ್ತೆ ಬಡಿಸಿದರು.